ನಲವತ್ತೊಂದು ಸಾಮಾನು, ಹದಿನೈದು ಕಿಲೋ



ನಮ್ಮ ವಾರ್ತಾಪತ್ರದ ಕಳೆದ ಸಂಚಿಕೆಯ ಕೊನೆಯ ಪುಟದಲ್ಲಿ ‘ಆಫ್ರಿಕಾ ಸಫಾರಿಗೆ ಹೊರಡುವವರು ಕೊಂಡೊಯ್ಯಬೇಕಾದ ಸಾಮಾನುಗಳು’ ಎಂಬ ಪಟ್ಟಿ ಪ್ರಕಟವಾಗಿದೆ. ಬರುವ ಬೇಸಿಗೆ ರಜೆಯಲ್ಲಿ ಸಂಘದ ಕೆಲವು ಕುಟುಂಬಗಳು ಒಟ್ಟಾಗಿ ಕೀನ್ಯಾದ ಮಸಾಯಿ ಮಾರಾಕ್ಕೆ ಹೋಗಲು ಯೋಚಿಸಿರುವುದು ಸಂತೋಷದ ವಿಷಯ. ದೇಶ ಸುತ್ತಬೇಕು, ಕೋಶ ಓದಬೇಕು ಎಂದವರು ನಮ್ಮ ಹಿರಿಯರೇ ತಾನೆ. ಆದರೆ ಆ ಪಟ್ಟಿಯನ್ನು ನಾವು ಎರಡು ಸಲ ಓದಿದೆವು, ಎಣಿಸಿಯೂ ನೋಡಿದೆವು. ಒಟ್ಟು 41 ಸಾಮಾನು. ಅದರಲ್ಲಿ ಚಕ್ಕುಲಿ, ಕೋಡುಬಳೆ, ಅವಲಕ್ಕಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ ಎಂದು ತಿಂಡಿ ತಿನಿಸೇ 9. ಮನೆಮಂದಿಗೆಲ್ಲ ಹೊಸದಾಗಿ ಹೊಲಿಸಬೇಕಾದ ಅಥವಾ ಕೊಳ್ಳಬೇಕಾದ ಬಟ್ಟೆ ಬರೆ 14. ಸ್ವೆಟರಿನ ಹೆಸರಿಲ್ಲ. ಹಳದಿ ಜ್ವರದ ಚುಚ್ಚುಮದ್ದಿನ ಕಾರ್ಡಿನ ಹೆಸರಿಲ್ಲ. ಬೈನಾಕ್ಯುಲರ್ ಮಾತ್ರ ಇದೆ, ಕಟ್ಟಕಡೆಯ 41ನೆಯದಾಗಿ, ‘ಇದ್ದರೆ’ ಎಂಬ ಷರತ್ತಿನೊಂದಿಗೆ!

ಪಟ್ಟಿ ಬರೆದವರು ನಮ್ಮ ಆತ್ಮೀಯರೇ. ಅವರ ಮೇಲೆ ನಮಗೆ ಕೋಪವಿಲ್ಲ, ಪಟ್ಟಿಯ ಮೇಲಿದೆ. ಕಾರಣ ಇಷ್ಟೇ. 2019ರ ಜುಲೈಯಲ್ಲಿ ನಾವೂ ಹೆಚ್ಚು ಕಡಿಮೆ ಇದೇ ಪಟ್ಟಿಯನ್ನು ಕೈಯಲ್ಲಿ ಹಿಡಿದು ಮಸಾಯಿ ಮಾರಾಕ್ಕೆ ಹೋಗಿದ್ದೆವು. ಊರಿನಿಂದ ಬಂದಿದ್ದ ಅಮ್ಮನೂ ನಮ್ಮ ಜೊತೆಗಿದ್ದರು. ಅಲ್ಲಿ ಆದದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿಕೊಂಡಿರಲಿಲ್ಲ. ನಾಚಿಕೆ. ಈಗ ಹೇಳದಿದ್ದರೆ ತಪ್ಪಾದೀತು.

ನೈರೋಬಿಯಿಂದ ಮಾರಾಕ್ಕೆ ಹೋಗುವ ಪುಟ್ಟ ವಿಮಾನಗಳು ವಿಲ್ಸನ್ ವಿಮಾನ ನಿಲ್ದಾಣದಿಂದ ಹೊರಡುತ್ತವೆ. ಒಬ್ಬರಿಗೆ 15 ಕಿಲೋ, ಅದೂ ಮೆತ್ತನೆಯ ಚೀಲದಲ್ಲಿ. ಟಿಕೇಟಿನಲ್ಲಿ ಬರೆದೇ ಇತ್ತು. ‘ಇರಲಿ, ಬರೆಯುವುದು ಹಾಗೆಯೇ, ಅಲ್ಲಿ ಹೋಗಿ ಮಾತಾಡಿದರಾಯಿತು’ ಎಂದುಕೊಂಡು ನಾವು ಮೂರು ಗಟ್ಟಿ ಸೂಟ್‌ಕೇಸು ಎಳೆದುಕೊಂಡು ಹೋದೆವು. ಹದಿಮೂರು ಆಸನದ ವಿಮಾನದ ಹೊಟ್ಟೆಗೆ ಗಟ್ಟಿ ಸೂಟ್‌ಕೇಸು ಇಳಿಯುವುದೇ ಇಲ್ಲ. ಎರಡನ್ನು ಅಲ್ಲೇ ಬಿಡಿಸಿಕೊಂಡರು, ಮರುದಿನ ಕಳಿಸುತ್ತೇವೆ ಎಂದರು. ಅವರನ್ನು ದೂರುವಂತಿಲ್ಲ, ತಪ್ಪು ನಮ್ಮದು. ಹಿಂದೆ ಉಳಿದ ಸೂಟ್‌ಕೇಸಿನಲ್ಲಿ ಅಮ್ಮನ ರಕ್ತದೊತ್ತಡದ ಮಾತ್ರೆಯಿತ್ತು, ಅವರಿಗೆಂದು ಇಟ್ಟಿದ್ದ ಒಂದೇ ಒಂದು ಶಾಲು ಇತ್ತು. ನಮ್ಮ ಕೈಯಲ್ಲಿ ಭದ್ರವಾಗಿ ಬಂದದ್ದು ಯಾವುದು? ಚಕ್ಕುಲಿ ಡಬ್ಬಿ!

ಆ ರಾತ್ರಿಯ ಚಳಿಯನ್ನು ನಾವು ಮರೆಯುವುದಿಲ್ಲ. ಸಹಮ್‌ನ ಜುಲೈಯಲ್ಲಿ ಬೆವರು ಒರೆಸಿಕೊಂಡು ಹೊರಟವರಿಗೆ ಭೂಮಧ್ಯ ರೇಖೆಯ ಹತ್ತಿರ ಚಳಿಯಿದ್ದೀತೆಂದು ಹೊಳೆದಿರಲಿಲ್ಲ. ನೈರೋಬಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿ, ಅಂದರೆ ಹತ್ತಿರ ಹತ್ತಿರ ಎರಡು ಬೆಂಗಳೂರು ಎತ್ತರ. ಮಾರಾ 1,500ರಿಂದ 2,100 ಮೀಟರ್ ಎತ್ತರದ ಬಯಲು. ಜುಲೈ ತಿಂಗಳ ಬೆಳಗಿನ ಜಾವ 10-12 ಡಿಗ್ರಿಗೆ ಇಳಿಯುವುದುಂಟು. ಗುಡಾರದಲ್ಲಿ ಅಮ್ಮ ನಡುಗುತ್ತಾ ಕುಳಿತಿದ್ದರು. ಕಾವಲಿಗಿದ್ದ ಮಸಾಯಿ ಮನುಷ್ಯ ಅದನ್ನು ನೋಡಿ, ಒಂದು ಮಾತೂ ಆಡದೆ, ತಾನು ಹೊದ್ದಿದ್ದ ಕೆಂಪು ಚೌಕಳಿ ಹೊದಿಕೆಯನ್ನು ತೆಗೆದು ಅಮ್ಮನ ಹೆಗಲಿಗೆ ಹಾಕಿ ಹೋದ. ಮರುದಿನ ಮಾತ್ರೆಯಿಲ್ಲದೆ ಅಮ್ಮನಿಗೆ ತಲೆ ಸುತ್ತು. ಬೆಳಗಿನ ಸವಾರಿಯನ್ನು ಅರ್ಧಕ್ಕೇ ಬಿಟ್ಟು ಹಿಂದಿರುಗಿದೆವು. ಅಷ್ಟರಲ್ಲಿ ಕೋತಿಗಳು ಗುಡಾರದ ಜಿಪ್ಪು ಎಳೆದು ಚಕ್ಕುಲಿಯನ್ನು ಮುಗಿಸಿದ್ದವು. ಸೂಟ್‌ಕೇಸು ಬಂದದ್ದು ಸಂಜೆ. ಅಮ್ಮ ಮಾತ್ರೆ ನುಂಗಿ ಒಂದೇ ಮಾತು ಹೇಳಿದರು: ‘ನೀವು ಮನೆಯನ್ನೇ ಹೊತ್ತುಕೊಂಡು ಬಂದಿರಿ, ನನ್ನನ್ನು ಮರೆತಿರಿ.’

ಆ ಮಾತು ನಮಗಷ್ಟೇ ಅಲ್ಲ, ಈ 41 ಸಾಲಿನ ಪಟ್ಟಿಗೂ ಅನ್ವಯಿಸುತ್ತದೆ.

ಈ ರೋಗದ ಮೂಲ ನಮ್ಮ ಗಲ್ಫ್ ಬದುಕಿನಲ್ಲೇ ಇದೆ ಎಂಬುದು ನಮ್ಮ ಅನಿಸಿಕೆ. ಊರಿಗೆ ಹೊರಡುವ ವಾರ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ? ರಟ್ಟಿನ ಪೆಟ್ಟಿಗೆ, ಟೇಪು, ಪ್ಲಾಸ್ಟಿಕ್ ಹಗ್ಗ, ಮಾರ್ಕರ್ ಪೆನ್ನಿನಲ್ಲಿ ದಪ್ಪಕ್ಷರದ ಹೆಸರು, ಕೊಕ್ಕೆಯ ತಕ್ಕಡಿ. ಅರ್ಧ ಕಿಲೋ ಮಿಕ್ಕಿದ್ದರೆ ಅದಕ್ಕೊಂದು ಟ್ಯಾಂಗ್ ಡಬ್ಬಿ. ಊರಿನಿಂದ ಬರುವಾಗ ಅದೇ ಪೆಟ್ಟಿಗೆಯಲ್ಲಿ ಕುಚ್ಚಲಕ್ಕಿ, ಹಪ್ಪಳ, ಸಾರಿನ ಪುಡಿ. ಎಷ್ಟು ಕಿಲೋ ಬಿಡುತ್ತಾರೋ ಅಷ್ಟನ್ನೂ ತುಂಬಿಸಲೇಬೇಕು, ತುಂಬಿಸದಿದ್ದರೆ ನಷ್ಟವಾದಂತೆ. ಮನೆಯವರಿಗಾಗಿ ಹೊರುವ ಆ ಭಾರಕ್ಕೆ ಅರ್ಥವಿದೆ, ಅದನ್ನು ನಾವು ಹಾಸ್ಯ ಮಾಡುವುದಿಲ್ಲ. ಆದರೆ ಕಾಡು ನೋಡಲು ಹೋಗುವವರು ಯಾರಿಗೆ ಹೊರುತ್ತಾರೆ? ಸಿಂಹಕ್ಕೆ ಉಪ್ಪಿನಕಾಯಿ ಬೇಕೆ?

ಈಗ ಪಟ್ಟಿಯನ್ನೇ ಹಿಡಿದು ಮಾತಾಡೋಣ.

ಮೊದಲು ಬಟ್ಟೆ. ‘ಸಫಾರಿ’ ಎಂದೊಡನೆ ನಮ್ಮ ಕನ್ನಡಿಗರಿಗೆ ನೆನಪಾಗುವುದು ಕಚೇರಿಯ ಸಾಹೇಬರು ತೊಡುತ್ತಿದ್ದ ಸಫಾರಿ ಸೂಟು. ಅದರ ಪ್ರಭಾವವೋ ಏನೋ, ಪಟ್ಟಿಯಲ್ಲಿ ಒಬ್ಬೊಬ್ಬರಿಗೂ ಮೂರು ಮೂರು ಜೊತೆ ಖಾಕಿ, ಹತ್ತು ಜೇಬಿನ ಅಂಗಿ, ಮಕ್ಕಳಿಗೆ ಸೈನಿಕರಂತೆ ಮಚ್ಚೆ ಮಚ್ಚೆಯ ದಿರಿಸು. ಮಚ್ಚೆಯ ದಿರಿಸಂತೂ ಖಂಡಿತ ಬೇಡ. ಉಗಾಂಡಾ, ಝಾಂಬಿಯಾ, ಜಿಂಬಾಬ್ವೆಗಳಲ್ಲಿ ಸೈನಿಕರ ಮಾದರಿಯ ಬಟ್ಟೆಯನ್ನು ಸಾಮಾನ್ಯರು ತೊಡುವುದು ಕಾನೂನಿಗೆ ವಿರುದ್ಧ, ಆ ಖಂಡದ ಯಾವ ದೇಶಕ್ಕೆ ಹೋದರೂ ಬಿಟ್ಟುಹೋಗುವುದೇ ಕ್ಷೇಮ. ಗಾಢ ನೀಲಿ, ಕಪ್ಪು ಬಣ್ಣವೂ ಬೇಡ. ನಿದ್ರಾರೋಗ ಹರಡುವ ತ್ಸೆತ್ಸೆ ನೊಣಕ್ಕೆ ಆ ಎರಡು ಬಣ್ಣ ಬಹಳ ಇಷ್ಟ. ಆ ನೊಣಗಳನ್ನು ಹಿಡಿಯಲು ಟಾಂಜಾನಿಯಾದ ಕಾಡುಗಳಲ್ಲಿ ತೂಗುಹಾಕುವ ಬಲೆಯ ಬಟ್ಟೆಯೂ ನೀಲಿ ಮತ್ತು ಕಪ್ಪು. ದುಡ್ಡು ಕೊಟ್ಟು ನಾವೇ ಬಲೆಯನ್ನು ಹೊದ್ದು ಹೋಗುವುದೇಕೆ? ಇವೆರಡನ್ನು ಬಿಟ್ಟರೆ ಮನೆಯಲ್ಲಿರುವ ಮಾಸಲು ಬಣ್ಣದ ಹಳೆಯ ಹತ್ತಿ ಅಂಗಿ, ಉದ್ದ ತೋಳಿನದು, ಸಾಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವಂತೆ ಸ್ವೆಟರ್ ಇಲ್ಲದೆ ಹತ್ತು ಜೇಬಿನ ಅಂಗಿ ತೊಟ್ಟರೆ ಚಳಿ ಜೇಬಿನೊಳಗೂ ಬರುತ್ತದೆ.

ಎರಡನೆಯದು ತಿಂಡಿ. ಗುಡಾರದಲ್ಲಿ ತಿನ್ನುವ ವಸ್ತು ಇಡಬೇಡಿ ಎಂದು ಎಲ್ಲ ಶಿಬಿರಗಳಲ್ಲೂ ಹೇಳುತ್ತಾರೆ. ಕಾರಣ ಮೇಲೆಯೇ ಬರೆದಿದ್ದೇವೆ, ಕೋತಿಗಳನ್ನು ಕೇಳಿ. ‘ಅಲ್ಲಿ ಸಸ್ಯಾಹಾರ ಸಿಗುವುದಿಲ್ಲ’ ಎನ್ನುವವರಿಗೆ ಒಂದು ಇತಿಹಾಸ ಹೇಳುತ್ತೇವೆ. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲು ಹಳಿ ಹಾಕಲು ಬ್ರಿಟಿಷರು ನಮ್ಮ ದೇಶದಿಂದ ಸುಮಾರು 32,000 ಕೂಲಿಗಳನ್ನು ಒಯ್ದರು. ಹೆಚ್ಚಿನವರು ಪಂಜಾಬಿನವರು. ಸುಮಾರು 2,500 ಜನ ಅಲ್ಲಿಯೇ ಸತ್ತರು. 1898ರಲ್ಲಿ ತ್ಸಾವೋ ಸೇತುವೆಯ ಬಳಿ ಎರಡು ಸಿಂಹಗಳು ಗುಡಾರಗಳಿಂದ ಕೂಲಿಗಳನ್ನು ಎಳೆದೊಯ್ದ ಕಥೆ ಲೋಕಪ್ರಸಿದ್ಧ. ಹೊಟ್ಟೆಪಾಡಿಗೆ ಗಂಟು ಕಟ್ಟಿಕೊಂಡು ಕಡಲು ದಾಟಿದ ಅವರೂ ನಮ್ಮಂಥವರೇ. ಅವರೂ, ಅವರ ಹಿಂದೆ ಬಂದ ವ್ಯಾಪಾರಿಗಳೂ ಬಿಟ್ಟುಹೋದ ಚಪಾತಿ, ಸಮೋಸ, ಚಾಯ್ ಇಂದು ಕೀನ್ಯಾದವರ ಮನೆಯ ಊಟ, ಸ್ವಾಹಿಲಿ ಭಾಷೆಯ ಮಾತು. ಉಗಾಲಿ ಎಂದರೆ ಮುಸುಕಿನ ಜೋಳದ ಹಿಟ್ಟಿನ ಮುದ್ದೆ, ನಮ್ಮ ಮಂಡ್ಯ, ಹಾಸನದವರಿಗೆ ಅದರ ಪರಿಚಯ ಮಾಡಿಸಬೇಕಾಗಿಲ್ಲ. ಸುಕುಮಾ ವಿಕಿ ಎಂದರೆ ಸೊಪ್ಪಿನ ಪಲ್ಯ. ನ್ದೆಂಗು ಎಂದರೆ ಹೆಸರುಕಾಳಿನ ಸಾರು. ರಸ್ತೆಯ ಪ್ರಯಾಣಕ್ಕೆಂದು ಒಂದು ಡಬ್ಬಿ ಚಕ್ಕುಲಿ ಇರಲಿ, ನಮ್ಮ ತಕರಾರಿಲ್ಲ. ಒಂಬತ್ತು ಡಬ್ಬಿ ಬೇಡ.

ಮೂರನೆಯದು ಪ್ಲಾಸ್ಟಿಕ್. ಪಟ್ಟಿಯಲ್ಲಿ ‘ಪ್ಲಾಸ್ಟಿಕ್ ಕವರು ಎರಡು ಡಜನ್’ ಎಂದಿದೆ. ಕೀನ್ಯಾ 2017ರ ಆಗಸ್ಟ್ 28ರಿಂದ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದೆ. ಭಾರಿ ದಂಡವಿದೆ, ಜೈಲೂ ಇದೆ. 2020ರ ಜೂನ್ 5ರಿಂದ ಅಲ್ಲಿನ ರಕ್ಷಿತಾರಣ್ಯಗಳೊಳಗೆ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿ, ತಟ್ಟೆ, ಲೋಟಗಳಿಗೂ ನಿಷೇಧ. ಟಾಂಜಾನಿಯಾದಲ್ಲಿ 2019ರ ಜೂನ್ 1ರಿಂದ ಕೈಚೀಲ ನಿಷೇಧ. ನಮ್ಮ ಒಮಾನ್‌ನಲ್ಲೇ 2021ರ ಜನವರಿಯಿಂದ ಅಂಗಡಿಯ ತೆಳು ಚೀಲಗಳಿಗೆ ನಿಷೇಧ ಬಂದದ್ದು ನಮಗೆಲ್ಲ ಗೊತ್ತಲ್ಲವೇ? ಪಟ್ಟಿ ಬರೆಯುವಾಗ ಅದೇಕೆ ನೆನಪಾಗಲಿಲ್ಲ? ಬಟ್ಟೆಯ ಚೀಲ, ತಲೆಗೊಂದು ಸ್ಟೀಲಿನ ನೀರಿನ ಬಾಟಲಿ ತೆಗೆದುಕೊಳ್ಳಿ.

ಹಾಗೆಯೇ ‘ಬಹುದೇಶೀಯ ವಿದ್ಯುತ್ ಪ್ಲಗ್ಗು’ ಎಂಬ ದುಬಾರಿ ಸಾಮಾನು. ಕೀನ್ಯಾ, ಟಾಂಜಾನಿಯಾಗಳಲ್ಲಿರುವುದು ನಮ್ಮ ಸಹಮ್‌ನ ಮನೆಯ ಗೋಡೆಯಲ್ಲಿರುವ ಅದೇ ಮೂರು ಚೌಕ ಕಡ್ಡಿಯ ಪ್ಲಗ್ಗು. ಬೇರೆ ಯಾವುದೋ ದೇಶದವರಿಗಾಗಿ ಬರೆದ ಪಟ್ಟಿಯನ್ನು ಕಣ್ಣು ಮುಚ್ಚಿ ನಕಲು ಮಾಡಿದರೆ ಹೀಗೆಯೇ ಆಗುವುದು.

ನಾಲ್ಕನೆಯದೇ ಅತಿ ಮುಖ್ಯ, ಆರೋಗ್ಯ. ಹಳದಿ ಜ್ವರದ ಅಪಾಯವಿರುವ ದೇಶಗಳಲ್ಲಿ ಕೀನ್ಯಾ ಒಂದು. ಅಲ್ಲಿಂದ ಹೊರಟು 6 ದಿನದೊಳಗೆ ಭಾರತಕ್ಕೆ ಬರುವವರ ಬಳಿ ಚುಚ್ಚುಮದ್ದಿನ ಕಾರ್ಡು ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸುವ ನಿಯಮವಿದೆ. ಗಮನಿಸಿ, ‘ನಾವು ಮಸ್ಕತ್‌ಗೆ ಬಂದು ಎರಡು ದಿನ ಬಿಟ್ಟು ಊರಿಗೆ ಹೋಗುತ್ತೇವೆ’ ಎಂದರೂ ಲೆಕ್ಕ ತಪ್ಪದು. ರಜೆಯ ಕೊನೆಗೆ ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಮದುವೆಯಿದ್ದವರು ಮುಹೂರ್ತವನ್ನು ಆಸ್ಪತ್ರೆಯ ಕಿಟಕಿಯಿಂದ ನೆನೆಯಬೇಕಾದೀತು. ಚುಚ್ಚುಮದ್ದು ಹಾಕಿಸಿ 10 ದಿನ ಕಳೆದ ಮೇಲಷ್ಟೇ ಕಾರ್ಡಿಗೆ ಮಾನ್ಯತೆ. 2016ರ ಜುಲೈಯಿಂದ ಒಮ್ಮೆ ಹಾಕಿಸಿದ್ದು ಜೀವಮಾನಕ್ಕೆ ಸಾಕು. ಆದರೆ 9 ತಿಂಗಳೊಳಗಿನ ಕೂಸುಗಳಿಗೆ ಇದನ್ನು ಹಾಕುವುದಿಲ್ಲ. 60 ದಾಟಿದವರು, ಗರ್ಭಿಣಿಯರು, ದೀರ್ಘ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬಾರದು. ಮಲೇರಿಯಾ ಮಾತ್ರೆಯೂ ಹೀಗೆಯೇ. ಹೋಗುವ ಮೊದಲು ಶುರುಮಾಡಿ, ಬಂದ ಮೇಲೂ ಮಾತ್ರೆಯ ಬಗೆಯನ್ನನುಸರಿಸಿ ಒಂದು ವಾರದಿಂದ ನಾಲ್ಕು ವಾರ ನುಂಗಬೇಕು. ಮನೆಗೆ ಬಂದೆವಲ್ಲ ಎಂದು ನಿಲ್ಲಿಸಿದರೆ ಹೋದ ಪುಣ್ಯವೂ ಇಲ್ಲ. ಹಿರಿಯರನ್ನೂ ಮಕ್ಕಳನ್ನೂ ಕರೆದೊಯ್ಯುವ ಪ್ರವಾಸದ ಪಟ್ಟಿಯಲ್ಲಿ ಇದಾವುದೂ ಇಲ್ಲದೆ ಪುಳಿಯೋಗರೆ ಗೊಜ್ಜು ಇದೆಯೆಂದರೆ ಸಿಟ್ಟು ಬಾರದೆ ಇದ್ದೀತೇ?

ಐದನೆಯದನ್ನು ಬರೆಯಲು ನಮಗೆ ಬೇಸರ. ‘ಮಸಾಯಿ ಮಕ್ಕಳಿಗೆ ಹಂಚಲು ಅಗ್ಗದ ಚಾಕೊಲೇಟು, ಹಳೆ ಬಟ್ಟೆ’ ಎಂದಿದೆ. ಬಂಧುಗಳೇ, ನಮ್ಮೂರಿನ ಜಾತ್ರೆಗೆ ಪರದೇಶದವರು ಬಂದು ನಮ್ಮ ಮಕ್ಕಳ ಮುಂದೆ ಪೆಪ್ಪರಮಿಂಟು ತೂರಿ ಫೋಟೋ ಹೊಡೆದುಕೊಂಡರೆ ನಮಗೆ ಹೇಗನ್ನಿಸುತ್ತದೆ? ಅಮ್ಮನಿಗೆ ಹೊದಿಕೆ ಕೊಟ್ಟವನು ನಮ್ಮ ಚಾಕೊಲೇಟಿಗೆ ಕಾದು ಕುಳಿತವನಲ್ಲ. ಕೊಡಬೇಕೆನಿಸಿದರೆ ಶಿಬಿರದವರನ್ನು ಕೇಳಿ ಶಾಲೆಗೆ ಕೊಡಿ, ಚಾಲಕನಿಗೂ ಕೆಲಸದವರಿಗೂ ಕೈತುಂಬ ಬಕ್ಷೀಸು ಕೊಡಿ. ಫೋಟೋ ತೆಗೆಯುವ ಮೊದಲು ಕೇಳಿ. ಕೇಳಲು ಭಾಷೆ ಬರುವುದಿಲ್ಲವೆನ್ನಬೇಡಿ. ಅವರ ಸ್ವಾಹಿಲಿಯಲ್ಲಿ ಅಂಗಡಿಗೆ ‘ದುಕಾ’, ಔಷಧಿಗೆ ‘ದವಾ’, ಪುಸ್ತಕಕ್ಕೆ ‘ಕಿತಾಬು’, ವಾಹನಕ್ಕೆ ‘ಗಾರಿ’. ದವಾಖಾನೆ, ದುಕಾನ ಎನ್ನುವ ನಮ್ಮ ಧಾರವಾಡ, ಕಲಬುರಗಿಯ ಕಡೆಯವರಿಗೆ ಅರ್ಧ ಭಾಷೆ ಆಗಲೇ ಬಂದಂತಾಯಿತು!

‘ಸಫಾರಿ’ ಎಂಬುದೂ ಅರಬ್ಬಿಯ ‘ಸಫರ್’ನಿಂದ ಬಂದ ಸ್ವಾಹಿಲಿ ಪದ. ಅರ್ಥ ಪ್ರಯಾಣ, ಅಷ್ಟೇ. ಹತ್ತೊಂಬತ್ತನೆಯ ಶತಮಾನದಲ್ಲಿ ಒಮಾನ್‌ನ ಸುಲ್ತಾನ ಸಯೀದ್ ಬಿನ್ ಸುಲ್ತಾನರು ತಮ್ಮ ರಾಜಧಾನಿಯನ್ನೇ ಜಂಜಿಬಾರ್‌ಗೆ ಒಯ್ದಿದ್ದರು. 1964ರ ಕ್ರಾಂತಿಯ ನಂತರ ಅಲ್ಲಿಂದ ಮರಳಿದ ಕುಟುಂಬಗಳು ಇಂದಿಗೂ ಇಲ್ಲಿ ಸ್ವಾಹಿಲಿ ಆಡುತ್ತವೆ. ಅಂಥ ನೆರೆಮನೆಯ ಹಿರಿಯರೊಬ್ಬರಿಗೆ ನಾವು ಸಫಾರಿಗೆ ಹೋಗಿದ್ದೆವೆಂದು ಹೇಳಿದಾಗ ಅವರು ನಕ್ಕರು. ‘ಊರು ಬಿಟ್ಟು ಸಹಮ್‌ಗೆ ಬಂದಿರಲ್ಲ, ಅದೇ ನಿಮ್ಮ ಸಫಾರಿ’ ಎಂದರು. ಆ ಸಫಾರಿಗೆ ನಾವು ಬಂದಾಗ ಕೈಯಲ್ಲಿದ್ದದ್ದು ಒಂದೇ ಚೀಲ!

ಇನ್ನು ಒಂದು ಆಕ್ಷೇಪಣೆ ಬಂದೇ ಬರುತ್ತದೆ: ‘ಅಷ್ಟು ಖರ್ಚು ಮಾಡಿ ಹೋಗುವಾಗ ಇಷ್ಟಾದರೂ ಸಾಮಾನು ಬೇಡವೇ?’ ಖರ್ಚಿನ ಮಾತು ಬಂದದ್ದು ಒಳ್ಳೆಯದಾಯಿತು. 2024ರಲ್ಲಿ ಗೊತ್ತುಮಾಡಿದ ದರದ ಪ್ರಕಾರ ಜುಲೈಯಿಂದ ಡಿಸೆಂಬರ್‌ವರೆಗೆ ಮಾರಾದ ಪ್ರವೇಶ ಶುಲ್ಕ ಹೊರದೇಶದ ವಯಸ್ಕರಿಗೆ ದಿನಕ್ಕೆ 200 ಡಾಲರ್, ಅಂದರೆ ಸುಮಾರು 77 ರಿಯಾಲ್. ಗಂಡ ಹೆಂಡತಿ ಇಬ್ಬರಿಗೆ ಬಾಗಿಲು ದಾಟಲು ದಿನಕ್ಕೆ 154 ರಿಯಾಲ್! ಇದರ ಮೇಲೆ 41 ಸಾಮಾನಿನ ಹೊರೆಯನ್ನೂ ಹೊರಿಸಿದರೆ ನಮ್ಮ ಸಂಘದಲ್ಲಿ ಯಾರು ಹೋದಾರು, ಯಾರು ಉಳಿದಾರು? ಅಂಗಡಿಯಲ್ಲಿ, ಗ್ಯಾರೇಜಿನಲ್ಲಿ ದುಡಿಯುವ ಸದಸ್ಯರೂ ನಮ್ಮಲ್ಲಿದ್ದಾರೆ. ಪಟ್ಟಿ ಓದಿ, ‘ಇದು ನಮ್ಮಂಥವರಿಗಲ್ಲ’ ಎಂದು ಹೆಸರು ಹಿಂತೆಗೆದುಕೊಂಡ ಮನೆಯೊಂದು ನಮಗೆ ಗೊತ್ತು. ಸಾಲ ಮಾಡಿ ಹೋಗಲು ಹೊರಟ ಮನೆಯೂ ಗೊತ್ತು. ಸಂಘದ ಹೆಸರಿನಲ್ಲಿ ಅಚ್ಚಾಗುವ ಪಟ್ಟಿ ಯಾರನ್ನೂ ಚಿಕ್ಕವರನ್ನಾಗಿ ಮಾಡಬಾರದು. ಸಾಮಾನಿಲ್ಲದ ಕಾರಣಕ್ಕೆ ಒಂದು ಮಗುವೂ ಹಿಂದೆ ಉಳಿಯಬಾರದು. ನಮ್ಮ ಜಗಳವೆಲ್ಲ ಇಷ್ಟಕ್ಕೇ.

ಹೋಗಲಾಗದವರಿಗೂ ಒಂದು ಮಾತು. ಹಿತ್ತಲ ಗಿಡ ಮದ್ದಲ್ಲವೆಂದು ತಿಳಿಯಬೇಡಿ. ಒಮಾನ್‌ನ ಜಿದ್ದತ್ ಅಲ್ ಹರಾಸಿಸ್ ಬಯಲಿನಲ್ಲಿ 1972ರ ಹೊತ್ತಿಗೆ ಬೇಟೆಯಿಂದ ಅಳಿದುಹೋದ ಅರೇಬಿಯನ್ ಓರಿಕ್ಸ್ ಎಂಬ ಬಿಳಿ ಜಿಂಕೆಯನ್ನು ಸುಲ್ತಾನ್ ಖಾಬೂಸರ ಆಸಕ್ತಿಯಿಂದ 1982ರಲ್ಲಿ ಮರಳಿ ತಂದು ಬಿಟ್ಟರು. 1994ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು. 1996ರಲ್ಲಿ 450 ಇದ್ದವು, ಕಳ್ಳಬೇಟೆಯಿಂದ 65ಕ್ಕೆ ಇಳಿದವು. ರಕ್ಷಿತ ಪ್ರದೇಶವನ್ನು ಶೇಕಡಾ 90ರಷ್ಟು ಕಡಿತಗೊಳಿಸಿದ ಮೇಲೆ 2007ರಲ್ಲಿ ಯುನೆಸ್ಕೊ ಅದನ್ನು ಪಟ್ಟಿಯಿಂದಲೇ ಕೈಬಿಟ್ಟಿತು. ಹಾಗೆ ಕೈಬಿಟ್ಟ ಮೊದಲ ತಾಣ ಜಗತ್ತಿನಲ್ಲಿ ಅದೇ. ಈ ಕಥೆ ನಮ್ಮ ಎಷ್ಟು ಮಕ್ಕಳಿಗೆ ಗೊತ್ತು? ಸೂರ್ ಆಚೆಯ ರಾಸ್ ಅಲ್ ಜಿಂಜ್‌ನಲ್ಲಿ ಹಸಿರು ಕಡಲಾಮೆ ರಾತ್ರಿ ದಡಕ್ಕೆ ಬಂದು ಮೊಟ್ಟೆಯಿಡುವುದನ್ನು ಎಷ್ಟು ಮನೆಯವರು ನೋಡಿದ್ದೀರಿ? ಊರಿಗೆ ಹೋದಾಗ ಬಂಡೀಪುರಕ್ಕೋ ನಾಗರಹೊಳೆಗೋ ಹೋಗಿದ್ದೀರಾ? 2023ರ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆಗಳಿದ್ದವು, ದೇಶದಲ್ಲೇ ಹೆಚ್ಚು. ಹುಲಿಯಂತೂ ಇಡೀ ಆಫ್ರಿಕಾದ ಯಾವ ಕಾಡಿನಲ್ಲೂ ಇಲ್ಲ. ನಮ್ಮ ಮಗಳು ಮಾರಾದಲ್ಲಿ ಹುಲಿ ಎಲ್ಲಿ ಎಂದು ಕೇಳಿದಾಗ ನಾಚಿಕೆಯಾದದ್ದು ಅವಳಿಗಲ್ಲ, ನಮಗೆ.

ದೂರುವುದಷ್ಟೇ ನಮ್ಮ ಕೆಲಸವೆಂದು ತಿಳಿಯಬಾರದು. ನಮ್ಮ ಪಟ್ಟಿಯನ್ನೂ ಕೊಡುತ್ತೇವೆ. ಒಬ್ಬೊಬ್ಬರಿಗೆ ಒಂದು ಮೆತ್ತನೆಯ ಚೀಲ, 15 ಕಿಲೋದೊಳಗೆ. ರಸ್ತೆಯಲ್ಲಿ ಹೋದರೂ ಇದೇ ಇರಲಿ, ವ್ಯಾನಿನಲ್ಲಿ ಜನರೂ ಕೂರಬೇಕಲ್ಲ. ಮಾಸಲು ಬಣ್ಣದ ಮೂರು ಜೊತೆ ಬಟ್ಟೆ, ಒಂದು ಸ್ವೆಟರ್, ಒಂದು ಮಳೆ ಕೋಟು, ಟೋಪಿ, ಹಳೆಯ ಬೂಟು. ಕೈಚೀಲದಲ್ಲಿ, ಮತ್ತೆ ಹೇಳುತ್ತೇವೆ, ಕೈಚೀಲದಲ್ಲಿ: ಪ್ರತಿಯೊಬ್ಬರ ದಿನದ ಮಾತ್ರೆ, ಮಲೇರಿಯಾ ಮಾತ್ರೆ, ಹಳದಿ ಕಾರ್ಡು, ಪಾಸ್‌ಪೋರ್ಟು, ರೆಸಿಡೆಂಟ್ ಕಾರ್ಡು. 2024ರ ಜನವರಿಯಿಂದ ಕೀನ್ಯಾಕ್ಕೆ ವೀಸಾ ಬದಲು ಮುಂಗಡ ಪ್ರಯಾಣ ಅನುಮತಿ ಬಂದಿದೆ, ಅದರ ಪ್ರತಿ. ಸೊಳ್ಳೆಗೆ ಹಚ್ಚುವ ಔಷಧಿ, ಟಾರ್ಚು, ನೀರಿನ ಬಾಟಲಿ. ಕ್ಯಾಮೆರಾ ಇದ್ದವರು ಖಾಲಿ ಬಟ್ಟೆಯ ಚೀಲವೊಂದನ್ನು ಒಯ್ದು ಅಲ್ಲಿಯೇ ಅಕ್ಕಿ ತುಂಬಿಸಿ ಕ್ಯಾಮೆರಾಕ್ಕೆ ದಿಂಬು ಮಾಡಿಕೊಳ್ಳಲಿ, ಬರುವಾಗ ಅಕ್ಕಿಯನ್ನು ಅಡುಗೆಯವರಿಗೆ ಕೊಟ್ಟುಬನ್ನಿ. ಕೊನೆಗೆ, ಅಂದರೆ ಎಲ್ಲಕ್ಕಿಂತ ಮೊದಲು, ಬೈನಾಕ್ಯುಲರ್. 8×42 ಎಂದು ಬರೆದಿದ್ದರೆ ಸಾಕು.

ಸಂಘದ ಕಾರ್ಯಕಾರಿ ಸಮಿತಿಗೆ ನಮ್ಮ ಬೇಡಿಕೆ ಮೂರು. ಒಂದು, ಮುಂದಿನ ಸಂಚಿಕೆಯಲ್ಲಿ ತಿದ್ದಿದ ಪಟ್ಟಿ ಬರಲಿ. ಎರಡು, ಹೊರಡುವ ಎರಡು ತಿಂಗಳ ಮೊದಲೇ ನಮ್ಮ ಸದಸ್ಯರಲ್ಲೇ ಇರುವ ವೈದ್ಯರಿಂದ ಒಂದು ಸಂಜೆ ಮಾತು ಏರ್ಪಡಿಸಿ. ಮೂರು, ಸಂಘದ ನಿಧಿಯಿಂದ ನಾಲ್ಕು ಬೈನಾಕ್ಯುಲರ್ ಕೊಂಡು ಲೈಬ್ರರಿಯ ಪುಸ್ತಕದಂತೆ ಎರವಲು ಕೊಡಿ. ಒಂದಕ್ಕೆ ನಾವೇ ಹಣ ಕೊಡುತ್ತೇವೆ.

ಆ ಬೈನಾಕ್ಯುಲರ್ ಬಂದ ದಿನವೇ ಮಕ್ಕಳನ್ನು ಕರೆದುಕೊಂಡು ನಮ್ಮ ಸಹಮ್‌ನ ಖರ್ಜೂರದ ತೋಟಗಳ ಕಡೆ ಒಂದು ಸುತ್ತು ಬನ್ನಿ. ವಿದ್ಯುತ್ ತಂತಿಯ ಮೇಲೆ ಕುಳಿತ ಹಕ್ಕಿಯೊಂದು ರೆಕ್ಕೆ ಬಿಚ್ಚಿದರೆ ನೀಲಿ ಮಿಂಚು ಹೊಳೆಯುತ್ತದೆ. ಅದು ನೀಲಕಂಠ, ನಮ್ಮ ಕರ್ನಾಟಕದ ರಾಜ್ಯಪಕ್ಷಿ. ನಾವು ವೀಸಾ ಪಡೆದು ಬರುವುದಕ್ಕೆ ಬಹಳ ಹಿಂದಿನಿಂದಲೇ ಇಲ್ಲಿ ಸಂಸಾರ ಹೂಡಿದೆ. ಅದರ ದಾಯಾದಿ, ನೇರಳೆ ಎದೆಯ ನೀಲಕಂಠ, ಮಾರಾದ ಜಾಲಿ ಮರದ ತುದಿಯಲ್ಲಿ ಕುಳಿತಿರುತ್ತದೆ. ಇಲ್ಲಿ ಒಂದನ್ನು ಗುರುತಿಸಲು ಕಲಿತ ಮಗು ಅಲ್ಲಿ ಇನ್ನೊಂದನ್ನು ತಾನೇ ಗುರುತಿಸುತ್ತದೆ. ಅದನ್ನು ಕಲಿಸಿ ಕರೆದೊಯ್ಯಿರಿ. ತೂಕದ ಯಂತ್ರದಲ್ಲಿ ಅದಕ್ಕೆ ಒಂದು ಗ್ರಾಮೂ ಬೀಳುವುದಿಲ್ಲ.

ಇಂತಿ ನಿಮ್ಮ ವಿಶ್ವಾಸಿಗಳು,
ಸಹಮ್‌ನ ಒಂದು ಸದಸ್ಯ ಕುಟುಂಬ